ಆಟೊ ಹಾರ್ನ್ ಹೊಡೆಯುವ ಮೊದಲು ತಿಂಡಿ ಡಬ್ಬಿ ರೆಡಿ

ಬಳ್ಳಾರಿಯ ನಮ್ಮ ಓಣಿಗೆ ಶಾಲೆಯ ಆಟೊ ಬರುವುದು 7.40ಕ್ಕೆ. ಎರಡು ಸಲ ಹಾರ್ನ್ ಹೊಡೆಯುತ್ತಾರೆ, ಅಷ್ಟೇ. ಆ ಹೊತ್ತಿಗೆ ಮಗಳಿಗೆ ಒಂದು ಜಡೆ ಹಾಕಿ ಆಗಿರುತ್ತದೆ, ಇನ್ನೊಂದು ಬಾಕಿ. ತಟ್ಟೆಯಲ್ಲಿ ಉಪ್ಪಿಟ್ಟು ಅರ್ಧ ಹಾಗೇ ಇರುತ್ತದೆ. ಅದನ್ನು ಬಿಟ್ಟು ಓಡಿದರೆ ಮಧ್ಯಾಹ್ನದ ಊಟದವರೆಗೆ ಹೊಟ್ಟೆಯಲ್ಲಿ ಅರ್ಧ ಲೋಟ ಹಾಲು ಮಾತ್ರ. ಎಷ್ಟೋ ಮನೆಗಳಲ್ಲಿ ಇದೇ ಕಥೆ, ಅಲ್ವಾ?

ಅದಕ್ಕೇ ಈಗ ವಾರದಲ್ಲಿ ನಾಲ್ಕು ದಿನ ತಿಂಡಿಯನ್ನು ಡಬ್ಬಿಗೆ ಹಾಕಿ ಕೊಡುತ್ತೇನೆ. ಶಾಲೆ ಮುಟ್ಟಿದ ಮೇಲೆ ಪ್ರಾರ್ಥನೆಗೆ ಮೊದಲು ಹತ್ತು ನಿಮಿಷ ಸಿಗುತ್ತದೆ, ಆಗ ತಿನ್ನುತ್ತಾಳೆ. ಓಡುವ ಆಟೊದಲ್ಲಿ ತಿನ್ನಲು ಬಿಡಬೇಡಿ. ಗುಂಡಿ ಬಂದು ಎತ್ತಿ ಹಾಕಿದಾಗ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಡಬ್ಬಿ ತಿಂಡಿ ಒಂದು ಕೈಯಲ್ಲಿ ಹಿಡಿಯುವಂತಿರಬೇಕು, ಸೋರಬಾರದು, ಆರಿದ ಮೇಲೂ ಮೆತ್ತಗಿರಬೇಕು. ಜೊತೆಗೆ ಕಾಳು, ಬೇಳೆ, ಶೇಂಗಾ, ಮೊಟ್ಟೆ ಇವುಗಳಲ್ಲಿ ಒಂದಾದರೂ ಇರಬೇಕು. ಬರೀ ಅಕ್ಕಿ, ಬರೀ ರವೆ ಬೇಗ ಕರಗುತ್ತದೆ, ಹತ್ತು ಗಂಟೆಗೆಲ್ಲ ಮಗುವಿಗೆ ಮತ್ತೆ ಹಸಿವು.

ಕೆಲಸ ಶುರುವಾಗುವುದು ರಾತ್ರಿ

ಊಟ ಮುಗಿದ ಮೇಲೆ ಹದಿನೈದು ನಿಮಿಷ ಸಾಕು. ಮೆಂತೆ ಸೊಪ್ಪು ಬಿಡಿಸಿ, ತೊಳೆದು, ನೀರು ಬಸಿದು ಬಟ್ಟೆಯಲ್ಲಿ ಸುತ್ತಿಡಿ. ಬೆಳಿಗ್ಗೆಯ ತಾಲಿಪಟ್ಟಿಗೆ ಒಂದು ಬೋಗುಣಿಯಲ್ಲಿ ಎರಡು ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಕಡ್ಲೆಹಿಟ್ಟು, ಒಂದೊಂದು ಚಮಚ ಎಳ್ಳು, ಜೀರಿಗೆ, ಚಿಟಿಕೆ ಅರಿಶಿನ, ಸ್ವಲ್ಪ ಖಾರದಪುಡಿ, ಉಪ್ಪು ನೀರು ಹಾಕದೆ ಬೆರೆಸಿ ಮುಚ್ಚಿಡಿ. ಉಳ್ಳಾಗಡ್ಡಿ ಮಾತ್ರ ರಾತ್ರಿಯೇ ಬೆರೆಸಬೇಡಿ. ಅದು ನೀರು ಬಿಡುತ್ತದೆ, ಬೆಳಿಗ್ಗೆ ಹಿಟ್ಟು ಕೈಗೆ ನಿಲ್ಲುವುದಿಲ್ಲ.

ಬೆಳಿಗ್ಗೆ ತಾಲಿಪಟ್ಟಿ

ನನ್ನ ಮೊದಲ ಆಯ್ಕೆ ಯಾವಾಗಲೂ ತಾಲಿಪಟ್ಟಿ. ಜೋಳದ ರೊಟ್ಟಿ ಬಿಸಿಯಲ್ಲಿ ಚೆನ್ನ, ಆರಿದ ಮೇಲೆ ಸುತ್ತಲು ಹೋದರೆ ಮುರಿಯುತ್ತದೆ. ತಾಲಿಪಟ್ಟಿ ಹಾಗಲ್ಲ. ಸೊಪ್ಪು, ಮೊಸರು, ಎಣ್ಣೆ ಸೇರಿ ಮೆತ್ತಗೇ ಉಳಿಯುತ್ತದೆ.

ರಾತ್ರಿ ಇಟ್ಟ ಹಿಟ್ಟಿಗೆ ಹೆಚ್ಚಿದ ಸೊಪ್ಪು ಒಂದು ಹಿಡಿ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಎರಡು ಚಮಚ ಮೊಸರು ಹಾಕಿ. ಆಮೇಲೆ ಬಿಸಿನೀರು ಸ್ವಲ್ಪಸ್ವಲ್ಪವೇ ಹಾಕಿ ನಾದಿ. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ, ತಣ್ಣೀರು ಹಾಕಿದರೆ ಅಂಚು ಬಿರಿಯುತ್ತದೆ. ಒದ್ದೆ ಬಟ್ಟೆಯ ಮೇಲೆ ಅಂಗೈ ಅಗಲಕ್ಕೆ ತಟ್ಟಿ, ನಡುವೆ ಬೆರಳಿನಿಂದ ಒಂದು ತೂತು ಮಾಡಿ. ಬಟ್ಟೆಯನ್ನು ಕಾದ ಹಂಚಿನ ಮೇಲೆ ಮಗುಚಿ ಮೆಲ್ಲಗೆ ಬಿಡಿಸಿ. ತೂತಿಗೆ ಎರಡು ಹನಿ, ಸುತ್ತ ಅರ್ಧ ಚಮಚ ಎಣ್ಣೆ. ಹದ ಉರಿಯಲ್ಲಿ ಎರಡು ನಿಮಿಷ ಮುಚ್ಚಿ ಬೇಯಿಸಿ. ಈ ಮುಚ್ಚಳ ಮರೆಯಬೇಡಿ, ಒಳಗಿನ ಹಬೆಯೇ ಅದನ್ನು ಮೆತ್ತಗಿಡುವುದು. ಅಂಚು ಕೆಂಪಗಾಗಿ ಮೆಂತೆ ಘಮ ಬಂದಾಗ ತಿರುವಿ, ಮುಚ್ಚದೆ ಇನ್ನೊಂದು ನಿಮಿಷ ಬಿಡಿ.

ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಒಂದು ಚಮಚ ತುಪ್ಪ ಕಲಸಿ, ಬಿಸಿ ಇರುವಾಗಲೇ ಸವರಿ ಸುತ್ತಿಬಿಡಿ. ಎರಡು ಸುರುಳಿ ಇದ್ದರೆ ಎಂಟು ವರ್ಷದ ಮಗುವಿಗೆ ಸಾಕು.

ಬಿಸಿ ಬಿಸಿ ಮುಚ್ಚಬೇಡಿ

ಈ ತಪ್ಪು ನಾನೇ ಮಾಡಿದ್ದೇನೆ. ಮೊದಲ ವರ್ಷ ಏಪ್ರಿಲ್‌ನಲ್ಲಿ, ಹೊತ್ತಾಯಿತೆಂದು ಹಂಚಿನಿಂದ ಇಳಿಸಿದ ಪಡ್ಡನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದೆ. ಅವತ್ತು ಪ್ರಾರ್ಥನೆ ಬೇಗ ಶುರುವಾಗಿ ಮಗಳು ಡಬ್ಬಿ ತೆರೆದದ್ದು ವಿರಾಮದಲ್ಲಿ. ಮುಚ್ಚಳದ ಒಳಗೆ ಹನಿ ಕಟ್ಟಿ, ಪಡ್ಡು ಲೋಳೆಯಾಗಿ, ವಾಸನೆ ಬಂದಿತ್ತು. ಪಾಪ, ಮಗು ಹಸಿದುಕೊಂಡೇ ಇತ್ತು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಈಗ ಫ್ಯಾನ್ ಕೆಳಗೆ ಬಟ್ಟೆಯ ಮೇಲೆ ಹರಡಿ, ಐದು ನಿಮಿಷ ಆರಿಸಿಯೇ ಮುಚ್ಚುತ್ತೇನೆ. ಕಾಯಿ ಚಟ್ನಿ ಡಬ್ಬಿಗೆ ಹಾಕುವುದಿಲ್ಲ, ಮೊದಲು ಕೆಡುವುದೇ ಅದು. ಒಣ ಹಿಂಡಿಗೆ ಆ ಭಯ ಇಲ್ಲ.

ಪಡ್ಡು, ಉಂಡಿ, ಮಂಡಕ್ಕಿ

ದೋಸೆ ಹಿಟ್ಟು ಉಳಿದ ದಿನ ಪಡ್ಡು. ಉದ್ದಿನಬೇಳೆ ಅದರಲ್ಲೇ ಇದೆ, ನುಗ್ಗೆಸೊಪ್ಪು ಮತ್ತು ಕ್ಯಾರೆಟ್ ಒಳಗೇ ಸೇರಿಸಿದರೆ ಚಟ್ನಿಯೂ ಬೇಡ.

ಎದ್ದದ್ದೇ ತಡವಾದ ದಿನಕ್ಕೆ ಶೇಂಗಾ ಉಂಡಿ ಮಾಡಿಟ್ಟಿರಬೇಕು. ಭಾನುವಾರ ಎರಡು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆಯಿರಿ. ಅರ್ಧ ಬಟ್ಟಲು ಪುಟಾಣಿ (ಹುರಿಗಡಲೆ), ಒಂದು ಬಟ್ಟಲು ಬೆಲ್ಲದ ಪುಡಿ ಸೇರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಶೇಂಗಾ ತನ್ನ ಎಣ್ಣೆ ಬಿಟ್ಟಾಗ ತಾನಾಗಿಯೇ ಉಂಡಿ ಕಟ್ಟಲು ಬರುತ್ತದೆ. ಪಾಕ ಬೇಡ, ನೀರು ಸೋಕಿಸಲೇಬೇಡಿ. ಎರಡು ಉಂಡಿ, ಒಂದು ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತಿನ್ನುವವರಾದರೆ ಅದೂ ಒಂದು. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಪುಡಿ ಮಾಡಿಯೇ ಕೊಡಿ. ಶೇಂಗಾ ಮೈಗೆ ಆಗದ ಮಗು ಇದ್ದರೆ ಅದರ ತಂಟೆಯೇ ಬೇಡ.

ಒಗ್ಗರಣೆ ಮಂಡಕ್ಕಿ ನಮ್ಮೂರಿನ ಜೀವ, ನನಗೂ ಇಷ್ಟ. ಆದರೆ ಡಬ್ಬಿಗೆ ಅದು ಸರಿಯಲ್ಲ. ಆರಿದರೆ ನಾರಿನಂತಾಗುತ್ತದೆ, ಹೊಟ್ಟೆ ತುಂಬಿದ ಹಾಗೆ ಅನಿಸಿದರೂ ಬೇಗ ಹಸಿವು ಬರುತ್ತದೆ. ರಜೆಯ ದಿನ ಮಿರ್ಚಿ ಜೊತೆ ಎಲ್ಲರೂ ಕೂತು ತಿನ್ನೋಣ. ಗಂಗಾವತಿ, ಸಿಂಧನೂರಿನಂಥ ಭತ್ತದ ಊರುಗಳಲ್ಲಿ ಚಿತ್ರಾನ್ನ ಬಿಡಲಾಗದು. ಶೇಂಗಾ, ಪುಟಾಣಿ ಕೈ ಬಿಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದಂಶ ಮೈಗೆ ಹತ್ತಲು ನಿಂಬೆ ನೆರವಾಗುತ್ತದೆ. ಚಹಾ ಅದನ್ನು ತಡೆಯುತ್ತದೆ, ಹಾಗಾಗಿ ಬೆಳಿಗ್ಗೆ ಮಕ್ಕಳಿಗೆ ಚಹಾ ಬೇಡವೇ ಬೇಡ.

ಸಂಜೆ ಡಬ್ಬಿ ತೊಳೆಯುವ ಮೊದಲು ಒಮ್ಮೆ ನೋಡಿ. ನನ್ನ ಮಗಳು ಎರಡು ವಾರ ಪಡ್ಡಿನಲ್ಲಿದ್ದ ಕ್ಯಾರೆಟ್ ಚೂರುಗಳನ್ನು ಆರಿಸಿ ಮೂಲೆಯಲ್ಲಿ ಸಾಲಾಗಿ ಇಟ್ಟು ತರುತ್ತಿದ್ದಳು. ಬೈಯಲಿಲ್ಲ. ಹೆಚ್ಚುವುದು ಬಿಟ್ಟು ತುರಿದು ಹಾಕಿದೆ. ಆಮೇಲಿಂದ ಡಬ್ಬಿ ಖಾಲಿ ಬರುತ್ತಿದೆ.