ಹಬ್ಬದ ರಜೆಯೂ ಉತ್ತರ ಪತ್ರಿಕೆಯ ಕಟ್ಟೂ: ಅಧ್ಯಾಪಕರಿಗೆ ಕೆಲವು ಸಲಹೆಗಳು

ಸೆಮಿಸ್ಟರ್‌ನ ಕೊನೆಯ ವಾರವೂ ಮನೆಮಂದಿಯೆಲ್ಲ ಸೇರುವ ಹಬ್ಬದ ರಜೆಯೂ ಒಟ್ಟಿಗೆ ಬಂದಾಗ, ಬಹಳಷ್ಟು ಅಧ್ಯಾಪಕರು ಉತ್ತರ ಪತ್ರಿಕೆಗಳ ಕಟ್ಟನ್ನು ಇಡಿಯಾಗಿ ಮನೆಗೆ ತಂದು, ಬಿಡುವಾದಾಗ ನಾಲ್ಕು ನಾಲ್ಕು ತಿದ್ದಿದರಾಯಿತು ಎಂದುಕೊಳ್ಳುತ್ತಾರೆ. ಆ ಬಿಡುವು ಸಿಗುವುದಿಲ್ಲ. ಸಿಕ್ಕರೂ ಕಣ್ಣು ಉತ್ತರದ ಮೇಲೆ, ಕಿವಿ ಪಕ್ಕದ ಕೋಣೆಯ ಮಾತಿನ ಮೇಲೆ ಇರುತ್ತದೆ. ಮೌಲ್ಯಮಾಪನದಲ್ಲಿ ಏಕಾಂತ ಬೇಡುವ ಕೆಲಸವೂ ಇದೆ, ಗದ್ದಲದ ನಡುವೆಯೂ ಸಾಗುವ ಕೆಲಸವೂ ಇದೆ. ಇವೆರಡನ್ನು ರಜೆಗೆ ಮೊದಲೇ ಬೇರ್ಪಡಿಸಿ, ಮೊದಲನೆಯದನ್ನು ಮುಗಿಸಿಕೊಂಡೇ ಮನೆಗೆ ಹೊರಡುವುದು ಜಾಣತನ.

ಮೊದಲು ಸಮಯದ ಲೆಕ್ಕ ಹಾಕಬೇಕು. ಐದಾರು ಪತ್ರಿಕೆಗಳನ್ನು ಗಡಿಯಾರ ನೋಡಿಕೊಂಡು ತಿದ್ದಿ, ಒಂದಕ್ಕೆ ಸರಾಸರಿ ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಒಂದಕ್ಕೆ 12 ನಿಮಿಷವಾದರೆ 60 ಪತ್ರಿಕೆಗಳಿಗೆ 12 ಗಂಟೆ ಬೇಕು. ವಿರಾಮವನ್ನೂ ಮರುಪರಿಶೀಲನೆಯನ್ನೂ ಸೇರಿಸಿದರೆ ಅದು 15 ಗಂಟೆಯ ಹತ್ತಿರ ಹೋಗುತ್ತದೆ. ರಜೆಗೆ ಮೊದಲು ಅಷ್ಟು ಸಮಯ ಇಲ್ಲವೆಂದು ಕಂಡರೆ ವಿಭಾಗದ ಮುಖ್ಯಸ್ಥರಲ್ಲಿ ಗಡುವಿನ ವಿಸ್ತರಣೆಯನ್ನು ಆಗಲೇ ಕೇಳಬೇಕು. ರಜೆ ಮುಗಿಸಿ ಬಂದು ಕೇಳುವ ವಿಸ್ತರಣೆ ನೆಪದಂತೆ ಕೇಳಿಸುತ್ತದೆ.

ಎರಡನೆಯದು ಅಂಕ ಹಂಚಿಕೆಯ ಪಟ್ಟಿ. ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಅಮೆರಿಕದ ಸಂಶೋಧಕರು 1912ರಲ್ಲಿ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಾಲೆಗಳ ಶಿಕ್ಷಕರಿಂದ ತಿದ್ದಿಸಿದಾಗ, ಅವರು ಕೊಟ್ಟ ಅಂಕಗಳಲ್ಲಿ ಅಜಗಜಾಂತರವಿತ್ತು. ಬೇರೆ ಬೇರೆ ಶಿಕ್ಷಕರ ನಡುವಿನ ಈ ಅಂತರ, ಗುರುವಾರ ಬೆಳಗ್ಗೆ ತಿದ್ದುವ ಮತ್ತು ಭಾನುವಾರ ರಾತ್ರಿ ದಣಿದು ತಿದ್ದುವ ಒಬ್ಬರೇ ಅಧ್ಯಾಪಕರಲ್ಲಿಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಪಟ್ಟಿಯಲ್ಲಿ ಸರಿಯುತ್ತರಗಳಷ್ಟೇ ಇದ್ದರೆ ಸಾಲದು, ತಪ್ಪುಗಳಿಗೂ ತೀರ್ಪು ಇರಬೇಕು. ಉದಾಹರಣೆಗೆ, ಹತ್ತು ಅಂಕದ ಲೆಕ್ಕದಲ್ಲಿ ವಿದ್ಯಾರ್ಥಿಯು ಸೂತ್ರವನ್ನೂ ಹಂತಗಳನ್ನೂ ಸರಿಯಾಗಿ ಬರೆದು, ಮೂರನೆಯ ಸಾಲಿನಲ್ಲಿ ಋಣ ಚಿಹ್ನೆಯೊಂದನ್ನು ಬಿಟ್ಟಿದ್ದರಿಂದ ಕೊನೆಯ ಉತ್ತರ ತಪ್ಪಾಗಿದೆ ಎನ್ನಿ. ಕಳೆಯಬೇಕಾದದ್ದು ಒಂದು ಅಂಕವೋ ಮೂರೋ? ಇಂಥ ತಪ್ಪು ಮೊದಲ ಸಲ ಎದುರಾದಾಗಲೇ ನಿರ್ಧರಿಸಿ, ಪಟ್ಟಿಯ ಅಂಚಿನಲ್ಲಿ ಬರೆದಿಟ್ಟರೆ, ಮೂರು ದಿನಗಳ ನಂತರ ಕಟ್ಟನ್ನು ಮತ್ತೆ ಬಿಚ್ಚಿದಾಗ ನೆನಪನ್ನು ಕೆದಕಬೇಕಾಗುವುದಿಲ್ಲ.

ತಿದ್ದುವಾಗ ಒಬ್ಬೊಬ್ಬರ ಪತ್ರಿಕೆಯನ್ನು ಪೂರ್ತಿ ಮುಗಿಸುವುದಕ್ಕಿಂತ, ಎಲ್ಲರ ಒಂದನೆಯ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯ ಪ್ರಶ್ನೆ, ಹೀಗೆ ಸಾಗುವುದು ಮೇಲು. ಒಂದು ಗುಣದ ಮೇಲಿನ ಮೆಚ್ಚುಗೆ ಉಳಿದ ಗುಣಗಳ ಅಂದಾಜಿಗೂ ಅಂಟಿಕೊಳ್ಳುವುದನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ ಗುರುತಿಸಿದ್ದರು. ಮೊದಲ ಉತ್ತರ ಚೆನ್ನಾಗಿದ್ದವರಿಗೆ ನಾಲ್ಕನೆಯದರಲ್ಲಿಯೂ ಕೈ ಧಾರಾಳವಾಗುವುದು ಈ ಕಾರಣಕ್ಕೇ. ರಜೆಯ ದೃಷ್ಟಿಯಿಂದ ಇನ್ನೊಂದು ಅನುಕೂಲವಿದೆ: ಒಂದು ಪ್ರಶ್ನೆ ಮುಗಿದಲ್ಲಿ ಕೆಲಸ ನಿಲ್ಲಿಸಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ದೀರ್ಘ ಉತ್ತರದ ಪ್ರಶ್ನೆಗಳನ್ನು ಮೊದಲು ಮುಗಿಸಿ, ಒಂದೆರಡು ಅಂಕದವನ್ನು ಕೊನೆಗೆ ಇಟ್ಟುಕೊಳ್ಳಿ.

ರಜೆಯ ದಿನಗಳಿಗೆ ಉಳಿಯಬೇಕಾದದ್ದು ಈ ಚಿಕ್ಕ ಪ್ರಶ್ನೆಗಳು, ಅಂಕಗಳ ಕೂಡಿಕೆ, ತಿದ್ದದೆ ಬಿಟ್ಟ ಪುಟಗಳ ಹುಡುಕಾಟ ಮತ್ತು ಅಂಕಪಟ್ಟಿ ತುಂಬುವುದು ಮಾತ್ರ. ಬೇಗ ಮುಗಿಯಲೆಂದು ಮಕ್ಕಳಿಂದ ಅಂಕಗಳನ್ನು ಓದಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ವಿದ್ಯಾರ್ಥಿಯ ಅಂಕಗಳು ಮನೆಯ ಮಾತಾಗಬಾರದು.

ಮನೆಯವರಿಗೆ “ಸ್ವಲ್ಪ ಕೆಲಸವಿದೆ” ಎಂದು ಹೇಳುವುದರಷ್ಟು ನಿಷ್ಪ್ರಯೋಜಕವಾದ ಮಾತು ಇನ್ನೊಂದಿಲ್ಲ. ಆ ಸ್ವಲ್ಪ ಎಷ್ಟೆಂದು ತಿಳಿಯದೆ ಅವರು ದಿನವಿಡೀ ಕಾಯುತ್ತಾರೆ, ಹೇಳಿದವರು ದಿನವಿಡೀ ಅಪರಾಧಿ ಭಾವದಲ್ಲಿ ಓಡಾಡುತ್ತಾರೆ. ಬೆಳಗ್ಗೆ ಆರರಿಂದ ಎಂಟರವರೆಗೆ ಬಾಗಿಲು ಹಾಕಿರುತ್ತದೆ, ಆಮೇಲೆ ಕಟ್ಟು ಬೀರುವಿನಲ್ಲಿರುತ್ತದೆ ಎಂದು ಮೊದಲೇ ತಿಳಿಸಿ, ಅದರಂತೆಯೇ ನಡೆದುಕೊಳ್ಳಿ. ಊಟಕ್ಕೆ ಕುಳಿತಾಗ ತಪ್ಪು ಉತ್ತರಗಳ ತಮಾಷೆ ಹೇಳುವುದೂ ಕೆಲಸದ ಮುಂದುವರಿಕೆಯೇ. ಅಂಕ ಕೇಳಿ ಬರುವ ವಿದ್ಯಾರ್ಥಿಗಳ ಸಂದೇಶಗಳಿಗೆ, ಫಲಿತಾಂಶ ಯಾವ ದಿನ ಸಿಗುತ್ತದೆಂಬ ಒಂದೇ ಸಾಲಿನ ಉತ್ತರವನ್ನು ರಜೆಗೆ ಮೊದಲೇ ಎಲ್ಲರಿಗೂ ಕಳಿಸಿಬಿಡಿ.

ಮರಳಿದ ಮೇಲೆ ಅಂಕಗಳನ್ನು ಕೂಡಲೇ ಸಲ್ಲಿಸಬಾರದು. ಮೊದಲು ತಿದ್ದಿದ ಐದು ಮತ್ತು ಕೊನೆಗೆ ತಿದ್ದಿದ ಐದು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಕೈ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಪರೀಕ್ಷಿಸಿ. ಒಂದೆರಡು ಅಂಕದಿಂದ ತೇರ್ಗಡೆ ತಪ್ಪಿದವರ ಪತ್ರಿಕೆಗಳನ್ನು ಬೇರೆಯಾಗಿ ತೆಗೆದು, ಒಟ್ಟು ಅಂಕವನ್ನು ಮುಚ್ಚಿಟ್ಟುಕೊಂಡು ಇನ್ನೊಮ್ಮೆ ಓದಿದ ನಂತರವೇ ಸಹಿ ಹಾಕಿ.