ಸರಪಳಿ, ಅಡಿ, ಮೀಟರು, ಕೆಜಿ: ನಮ್ಮ ಜಮೀನಿನ ತಂತಿಬೇಲಿಯ ಲೆಕ್ಕ

ನಮ್ಮ 39 ಗುಂಟೆ ಜಮೀನಿನ ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿಯ ಬೇಲಿ ಹಾಕಿಸಲು ಹೊರಟಾಗ, ಕೈಯಲ್ಲಿದ್ದ ಅಂಕಿಗಳಲ್ಲಿ ಒಂದಕ್ಕೊಂದು ತಾಳೆಯಾಗುವಂಥವು ಯಾವುವೂ ಇರಲಿಲ್ಲ. ಹಳೆಯ ಟಿಪ್ಪಣಿ ನಕ್ಷೆಯ, ಅಂದರೆ ಜಮೀನಿನ ಸರ್ವೆ ನಕ್ಷೆಯ, ಅಳತೆ ಸರಪಳಿ-ಆಣೆಗಳಲ್ಲಿತ್ತು. ಕಂಬ ನೆಡುವವರು ಅಡಿಯಲ್ಲಿ ಮಾತನಾಡುತ್ತಿದ್ದರು. ನನ್ನ ಟೇಪು ಮೀಟರಿನದು. ತಂತಿಯನ್ನಂತೂ ಅಂಗಡಿಯವರು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಚೌಕಾಸಿಗೆ ಕೂರುವ ಮೊದಲು ಎಲ್ಲವನ್ನೂ ಒಂದೇ ಮಾನಕ್ಕೆ ತರಬೇಕೆಂದು ನಿರ್ಧರಿಸಿ, ಮೀಟರನ್ನು ಆರಿಸಿಕೊಂಡೆ.

ಈ ನಕ್ಷೆಯ ಸರಪಳಿ 33 ಅಡಿಯದು. ಒಂದು ಸರಪಳಿಗೆ 16 ಆಣೆ. ಪ್ರತಿ ಬದಿಯೂ ಒಂದು ಸರಪಳಿ ಇರುವ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ನಮ್ಮ ಜಮೀನಿನ ಪೂರ್ವದ ಬದಿ 6 ಸರಪಳಿ 8 ಆಣೆ, ಪಶ್ಚಿಮದ್ದು 6 ಸರಪಳಿ 4 ಆಣೆ, ಉತ್ತರದ್ದು ಸರಿಯಾಗಿ 6 ಸರಪಳಿ, ದಕ್ಷಿಣದ್ದು 6 ಸರಪಳಿ 6 ಆಣೆ. ಎಂಟು ಆಣೆಯೆಂದರೆ ಹದಿನಾರರಲ್ಲಿ ಎಂಟು, ಅರ್ಧ ಸರಪಳಿ. ಆದ್ದರಿಂದ ಪೂರ್ವದ ಬದಿಯನ್ನು 6.8 ಎಂದಲ್ಲ, 6.5 ಎಂದು ಬರೆದುಕೊಂಡು 33ರಿಂದ ಗುಣಿಸಬೇಕು, ಆಗ 214.5 ಅಡಿ ಬರುತ್ತದೆ. ನಾಲ್ಕೂ ಬದಿಗಳನ್ನು ಕೂಡಿದಾಗ 25 ಸರಪಳಿ 2 ಆಣೆ, ಅಂದರೆ 829.125 ಅಡಿಯಾಯಿತು. ಒಂದು ಅಡಿಗೆ 0.3048 ಮೀಟರ್ ಎಂಬುದು ಅಂದಾಜಲ್ಲ, ನಿಖರವಾದ ಅಂಕಿ. ಅದರಿಂದ ಗುಣಿಸಿದರೆ ಸುತ್ತಳತೆ 252.72 ಮೀಟರ್. ರೂಢಿಯಂತೆ 3.28ರಿಂದ ಭಾಗಿಸಿದರೂ ಈ ಉದ್ದಕ್ಕೆ ಏಳು ಸೆಂಟಿಮೀಟರಿನಷ್ಟೂ ವ್ಯತ್ಯಾಸ ಬಾರದು. ಗಡಿ ಗುರುತಿಸುವ ಬಾಂದು ಕಲ್ಲಿನಿಂದ ಬಾಂದು ಕಲ್ಲಿಗೆ ಟೇಪು ಹಿಡಿದು ನೋಡಿದ ಮೇಲೆಯೇ ಮುಂದಿನ ಲೆಕ್ಕಕ್ಕೆ ಕೈಹಾಕಿದೆ.

ಕಂಬಗಳ ಅಂತರ ಎಂಟು ಅಡಿ ಮೀರಬಾರದೆಂದು ಹೇಳಿ, ಪ್ರತಿ ಬದಿಯನ್ನೂ ಬೇರೆಬೇರೆಯಾಗಿ ಎಂಟರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದೊಂದು ಅಂಕಣ (ಎರಡು ಕಂಬಗಳ ನಡುವಿನ ಜಾಗ) ಹೆಚ್ಚಿಸಿದಾಗ ಗೇಟಿನದೂ ಸೇರಿ 105 ಅಂಕಣಗಳಾದವು. ಬೇಲಿ ಹೊರಟ ಕಡೆಗೇ ಬಂದು ಮುಚ್ಚಿಕೊಳ್ಳುವುದರಿಂದ ಕಂಬಗಳೂ 105 ಸಾಕು; ಒಂದೇ ಬದಿಯ ಬೇಲಿಯಾದರೆ ಅಂಕಣಕ್ಕಿಂತ ಒಂದು ಕಂಬ ಹೆಚ್ಚು ಬೇಕಾಗುತ್ತದೆ.

ಕೂಲಿಗೆ ಒಬ್ಬ ಮೇಸ್ತ್ರಿ ರನ್ನಿಂಗ್ ಅಡಿಗೆ, ಅಂದರೆ ಬೇಲಿಯ ಉದ್ದದ ಒಂದೊಂದು ಅಡಿಗೆ, 22 ರೂಪಾಯಿ ಕೇಳಿದರು, ಇನ್ನೊಬ್ಬರು ಮೀಟರಿಗೆ 70. ಉದ್ದವನ್ನು ಅಡಿಯಿಂದ ಮೀಟರಿಗೆ ತರುವಾಗ 0.3048ರಿಂದ ಗುಣಿಸುತ್ತೇವೆ, ದರವನ್ನು ತರುವಾಗ ಅದೇ ಅಂಕಿಯಿಂದ ಭಾಗಿಸಬೇಕು. ಮೀಟರು ಅಡಿಗಿಂತ ದೊಡ್ಡದಾದ್ದರಿಂದ ಮೀಟರುಗಳ ಸಂಖ್ಯೆ ಇಳಿಯುತ್ತದೆ, ಒಂದೊಂದು ಮೀಟರಿನ ಬೆಲೆ ಏರುತ್ತದೆ. ಹಾಗೆ ನೋಡಿದರೆ 22 ರೂಪಾಯಿಯ ದರ ಮೀಟರಿಗೆ 72.18 ಆಗುತ್ತದೆ. ಕಿವಿಗೆ ದುಬಾರಿಯೆನಿಸಿದ 70ರ ದರವೇ ಒಟ್ಟಾರೆ ಸುಮಾರು 550 ರೂಪಾಯಿ ಅಗ್ಗವಾಗಿತ್ತು.

ನಿಜವಾದ ಕಸರತ್ತು ಇದ್ದದ್ದು ತಂತಿಯಲ್ಲಿ. ನಮ್ಮ ಪೇಟೆಯಲ್ಲಿ ಆಗ 12 ಗೇಜಿನ ಮುಳ್ಳುತಂತಿ ಕೆಜಿಗೆ 88 ರೂಪಾಯಿ, 14 ಗೇಜಿನದು 95. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. ದಪ್ಪ ತಂತಿಯೇ ಅಗ್ಗವಾಗಿ ಸಿಗುತ್ತಿರುವಾಗ ಯೋಚಿಸುವುದೇನಿದೆ ಎಂದು ಅಂಗಡಿಯವರು ಹೇಳಿದರು. ಆದರೆ ನನಗೆ ಬೇಲಿಗೆ ಬೇಕಾದದ್ದು ಕೆಜಿಯಲ್ಲ, ಮೀಟರು. ಎರಡೂ ಸುರುಳಿಗಳಿಂದ ಎರಡೆರಡು ಮೀಟರ್ ಕತ್ತರಿಸಿಕೊಂಡು ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿದೆ. 12 ಗೇಜಿನದು 256 ಗ್ರಾಂ, 14 ಗೇಜಿನದು 164 ಗ್ರಾಂ ತೂಗಿತು. ಮೀಟರಿಗೆ ಕ್ರಮವಾಗಿ 128 ಮತ್ತು 82 ಗ್ರಾಂ. ಇದನ್ನು ಕೆಜಿಯ ದರದಿಂದ ಗುಣಿಸಿದರೆ ದಪ್ಪ ತಂತಿ ಮೀಟರಿಗೆ 11.26 ರೂಪಾಯಿ, ತೆಳು ತಂತಿ 7.79 ರೂಪಾಯಿ ಬೀಳುತ್ತದೆ. ಹನ್ನೆರಡು ಅಡಿಯ ಗೇಟನ್ನು ಕಳೆದು ಐದು ಸಾಲಿಗೆ ಬೇಕಾದ 1,245 ಮೀಟರಿಗೆ ಒಂದರಲ್ಲಿ ಸುಮಾರು 14,000 ರೂಪಾಯಿ, ಇನ್ನೊಂದರಲ್ಲಿ 9,700.

ದನಗಳು ಮೈಯುಜ್ಜಿ ತಳ್ಳುವ ಎರಡು ಸಾಲುಗಳಿಗೆ ದಪ್ಪದ್ದು, ಉಳಿದ ಮೂರಕ್ಕೆ ತೆಳುವಾದದ್ದು ಎಂದು ತೀರ್ಮಾನಿಸಿದೆ. ಉದ್ದದ ಅನುಪಾತ 2:3. ಆದರೆ ತೂಕಕ್ಕೆ ಇಳಿಸಿದಾಗ ಎರಡು 128 ಮತ್ತು ಮೂರು 82, ಅಂದರೆ 256 ಮತ್ತು 246 ಎಂದಾಗಿ ಹೆಚ್ಚುಕಡಿಮೆ ಸಮಸಮವಾಗುತ್ತದೆ. 2:3 ಎಂದು ಕೆಜಿಯನ್ನೇ ಹಂಚಿ ತಂದಿದ್ದರೆ ದಪ್ಪ ತಂತಿಯ ಎರಡನೆಯ ಸಾಲು ನಡುವೆಯೇ ಮುಗಿದುಹೋಗುತ್ತಿತ್ತು. ಕಂಬಕ್ಕೆ ಸುತ್ತುವುದಕ್ಕೆ, ಗಂಟು ಹಾಕುವುದಕ್ಕೆಂದು ಶೇ 5ರಷ್ಟು ಸೇರಿಸಿ, 12 ಗೇಜಿನದು 67 ಕೆಜಿ, 14 ಗೇಜಿನದು 65 ಕೆಜಿ, ಒಟ್ಟು 12,071 ರೂಪಾಯಿಗೆ ಖರೀದಿಸಿದೆ. ಮುಳ್ಳುಗಳ ನಡುವಿನ ಅಂತರ ಬದಲಾದರೆ ಅದೇ ಗೇಜಿನಲ್ಲೂ ಮೀಟರಿನ ತೂಕ ಬದಲಾಗುವುದರಿಂದ, ಮಾದರಿ ತುಂಡು ಕೊಟ್ಟ ಸುರುಳಿಗಳನ್ನೇ ತೂಗಿಸಿ ಗಾಡಿಗೆ ಹಾಕಿಸಿಕೊಂಡೆ.