ಎಲೆಯಿಂದ ಬಂದ ಆಫ್ರಿಕನ್ ವಯಲೆಟ್ ಮರಿಗಳು: ಯಾವ ಕುಂಡ, ಎಷ್ಟು ನೀರು?

ಆಫ್ರಿಕನ್ ವಯಲೆಟ್‌ನ ಒಂದು ಒಳ್ಳೆ ಎಲೆ ಸಿಕ್ಕರೆ ಸಾಕು, ಗಿಡ ಆಗುತ್ತದೆ. ತೊಟ್ಟು ಒಂದು, ಒಂದೂವರೆ ಇಂಚು ಉಳಿಯುವ ಹಾಗೆ ಓರೆಯಾಗಿ ಕತ್ತರಿಸಿ, ಹಸಿ ಮಾಡಿದ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ನಲ್ಲಿ ಚುಚ್ಚಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟರೆ ಸುಮಾರು ಒಂದು ತಿಂಗಳಿಗೆ ಬೇರು ಬರುತ್ತದೆ, ಇನ್ನೊಂದೆರಡು ತಿಂಗಳಿಗೆ ಬುಡದಲ್ಲಿ ಮರಿಗಳು ಕಾಣಿಸುತ್ತವೆ. ಇಷ್ಟು ಮಾಡೋದು ಯಾರಿಗೂ ಕಷ್ಟ ಅಲ್ಲ. ಗಿಡಗಳು ಸಾಯುವುದು ಇದಾದ ಮೇಲೆ. ಮರಿಗಳನ್ನು ಬಿಡಿಸಿ, ಪ್ರೀತಿಯಿಂದ ಒಂದು ಚಂದದ ದೊಡ್ಡ ಕುಂಡಕ್ಕೆ ಹಾಕಿ, ದಿನಾ ಒಂದಿಷ್ಟು ನೀರು ಹಾಕಿದರೆ ಕೆಲವೇ ವಾರಗಳಲ್ಲಿ ಅವು ಸೊರಗಿ ಮಲಗಿಬಿಡುತ್ತವೆ. ನೀರು ಸಾಲಲಿಲ್ಲವೇನೋ ಅಂದುಕೊಂಡು ಇನ್ನೂ ಜಾಸ್ತಿ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಕುಂಡ ಬೇರೆ ವಿಷಯ, ನೀರು ಬೇರೆ ವಿಷಯ ಅಂತ ನೋಡಬೇಡಿ. ಎರಡೂ ಒಂದೇ. ಎಷ್ಟು ನೀರು ಹಾಕಿದಿರಿ ಅನ್ನುವುದಕ್ಕಿಂತ ಆ ನೀರು ಎಷ್ಟು ಹೊತ್ತು ಕುಂಡದಲ್ಲಿ ಉಳಿಯಿತು ಅನ್ನುವುದೇ ಮುಖ್ಯ. ಮರಿ ಗಿಡದ ಬೇರು ಕೂದಲೆಳೆಯಷ್ಟು ತೆಳು, ಉದ್ದ ಒಂದೆರಡು ಇಂಚು ಇದ್ದರೆ ಹೆಚ್ಚು. ಅದು ನಾಲ್ಕಿಂಚಿನ ಕುಂಡದಲ್ಲಿ ಕೂತರೆ ಸುತ್ತಲಿನ ಮುಕ್ಕಾಲು ಪಾಲು ಮಿಶ್ರಣದಲ್ಲಿ ನೀರು ಕುಡಿಯುವವರೇ ಇರುವುದಿಲ್ಲ. ಅದು ಹಸಿಯಾಗಿಯೇ ಉಳಿಯುತ್ತದೆ, ಗಾಳಿ ಆಡುವುದಿಲ್ಲ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ಎಲೆ ಬಾಡುತ್ತದೆ. ನೋಡಲು ಬಾಯಾರಿದ ಗಿಡದ ಹಾಗೇ ಕಾಣುತ್ತದೆ.

ಈ ಗಿಡದ ತವರು ಪೂರ್ವ ಆಫ್ರಿಕಾದ ಬೆಟ್ಟಗಳು, ಮುಖ್ಯವಾಗಿ ಈಗಿನ ಟಾಂಜಾನಿಯಾದ ಉಸಂಬರಾ ಬೆಟ್ಟಗಳು. 1892ರಲ್ಲಿ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ಅಲ್ಲಿಂದ ಇದನ್ನು ಜರ್ಮನಿಗೆ ಕಳಿಸಿದ್ದರಿಂದಲೇ ಸೇಂಟ್‌ಪಾಲಿಯಾ ಅನ್ನುವ ಹೆಸರು ಬಂತು. ಕಾಡಿನ ನೆರಳಲ್ಲಿ, ಬಂಡೆಯ ಸಂದಿಯಲ್ಲಿ, ಪಾಚಿ ಮತ್ತು ಕೊಳೆತ ಎಲೆಯ ತೆಳು ಪದರದ ಮೇಲೆ ಅದು ಬೆಳೆಯುತ್ತದೆ. ಸುತ್ತ ಗಾಳಿಯಲ್ಲಿ ತೇವ ಇರುತ್ತದೆ, ಬುಡದಲ್ಲಿ ಮಾತ್ರ ನೀರು ನಿಲ್ಲುವುದಿಲ್ಲ. ನಾವು ಮಾಡಬೇಕಾದ್ದೂ ಇಷ್ಟೇ: ಬೇರಿಗೆ ಗಾಳಿ, ಸುತ್ತ ತೇವ.

ಮಿಶ್ರಣ ಹಗುರವಾಗಿರಬೇಕು. ನರ್ಸರಿಯ ಕೆಮ್ಮಣ್ಣು ಈ ಮರಿಗಳಿಗೆ ಖಂಡಿತ ಬೇಡ. ಎರಡು ಸಲ ನೀರು ಬಿದ್ದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಅರ್ಧ ಕೋಕೋಪೀಟ್, ಅರ್ಧ ಪರ್ಲೈಟ್ (ಹಗುರವಾದ ಬಿಳಿ ಹರಳು) ಸಾಕು. ಕೋಕೋಪೀಟ್ ಇಟ್ಟಿಗೆ ತಂದು ನೆನೆಹಾಕಿ ನೇರವಾಗಿ ಬಳಸುವವರೇ ಜಾಸ್ತಿ, ಆದರೆ ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಮರಿ ಬೇರಿಗೆ ಅದು ಆಗಿಬರುವುದಿಲ್ಲ. ಬಕೆಟ್‌ನಲ್ಲಿ ನೆನೆಸಿ, ಹಳೇ ಪಂಚೆಯಲ್ಲಿ ಹಾಕಿ ಹಿಂಡಿ, ಮತ್ತೆ ಒಳ್ಳೆ ನೀರಲ್ಲಿ ನೆನೆಸಿ ಹಿಂಡಿ. ಮೊದಲ ಸಲ ಚಹಾದ ಬಣ್ಣದ ನೀರು ಬರುತ್ತದೆ, ಅದು ತಿಳಿಯಾಗುವವರೆಗೂ ತೊಳೆಯಿರಿ. ಪರ್ಲೈಟ್ ಕಲಸುವ ಮೊದಲು ಸ್ವಲ್ಪ ನೀರು ಚಿಮುಕಿಸಿಕೊಳ್ಳಿ, ಇಲ್ಲದಿದ್ದರೆ ಅದರ ಧೂಳು ಮೂಗಿಗೆ ಹೋಗುತ್ತದೆ. ಎರೆಗೊಬ್ಬರ ಈ ಹಂತದಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಸಿಯಾದ ಎರೆಗೊಬ್ಬರಕ್ಕೆ ಸಣ್ಣ ಕಪ್ಪು ನೊಣಗಳು ಬಂದು ಮೊಟ್ಟೆ ಇಡುತ್ತವೆ, ಅವುಗಳ ಹುಳು ಎಳೆ ಬೇರನ್ನು ತಿನ್ನುತ್ತವೆ.

ಮಿಶ್ರಣದ ಹದ ಕೈಯಲ್ಲೇ ಗೊತ್ತಾಗುತ್ತದೆ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಹಿಚುಕಿ. ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ, ಕೈ ಬಿಚ್ಚಿದಾಗ ಉಂಡೆ ನಿಂತು, ಬೆರಳಲ್ಲಿ ತಟ್ಟಿದರೆ ಪುಡಿಯಾದರೆ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಇನ್ನೂ ಒದ್ದೆ ಇದೆ, ಒಂದು ದಿನ ಹರಡಿ ಆರಲು ಬಿಡಿ.

ಇನ್ನು ಮರಿಗಳನ್ನು ಯಾವಾಗ ಬಿಡಿಸಬೇಕು? ಆತುರ ಮಾಡಲೇಬೇಡಿ. ಒಂದೊಂದು ಮರಿಗೂ ನಾಲ್ಕಾರು ಎಲೆ ಬಂದಿರಬೇಕು, ಅದರಲ್ಲಿ ದೊಡ್ಡ ಎಲೆ ಒಂದು ರೂಪಾಯಿ ನಾಣ್ಯದಷ್ಟಾದರೂ ಇರಬೇಕು. ಬಿಳಿ ಅಥವಾ ಗುಲಾಬಿ ಮಚ್ಚೆ ಇರುವ ತಳಿಯಾದರೆ ಎಲೆಯಲ್ಲಿ ಸಾಕಷ್ಟು ಹಸಿರು ಕಾಣುವವರೆಗೂ ಕಾಯಿರಿ. ಹಸಿರೇ ಇಲ್ಲದ ಮರಿ ತಾಯಿ ಎಲೆಯನ್ನು ಬಿಟ್ಟು ಬದುಕುವುದು ಕಷ್ಟ.

ಬಿಡಿಸುವ ಮುಂಚಿನ ದಿನ ಸ್ವಲ್ಪ ನೀರು ಕೊಟ್ಟಿರಿ. ಹಳೇ ಪೇಪರ್ ಹಾಸಿ, ಇಡೀ ಗೊಂಚಲನ್ನು ಕಪ್‌ನಿಂದ ಹೊರಗೆ ಜಾರಿಸಿ, ಮಿಶ್ರಣವನ್ನು ಬೆರಳಲ್ಲಿ ಮೆತ್ತಗೆ ಉದುರಿಸಿ. ಆಗ ತಾಯಿ ಎಲೆಯ ತೊಟ್ಟಿನ ತುದಿಗೆ ಮರಿಗಳು ಒತ್ತೊತ್ತಾಗಿ ಅಂಟಿಕೊಂಡಿರುವುದು ಕಾಣುತ್ತದೆ, ಬಿಳಿ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎಳೆಯಬೇಡಿ. ಒಂದು ಟೂತ್‌ಪಿಕ್ ತೆಗೆದುಕೊಂಡು ಎರಡು ಮರಿಗಳ ನಡುವೆ ಇಳಿಸಿ, ಅತ್ತಿತ್ತ ಅಲ್ಲಾಡಿಸುತ್ತಾ ಬಂದರೆ ಅವು ತಾವಾಗಿ ಬೇರೆಯಾಗುತ್ತವೆ. ಪ್ರತಿ ಮರಿಗೂ ಒಂದೇ ಸುಳಿ ಇರಬೇಕು, ಅಂದರೆ ಹೊಸ ಎಲೆ ಹುಟ್ಟುವ ನಡುಭಾಗ ಒಂದೇ. ಎರಡು ಸುಳಿ ಒಂದೇ ಕುಂಡದಲ್ಲಿದ್ದರೆ ಎಲೆಗಳು ಒಂದರ ಮೇಲೊಂದು ಬಿದ್ದು ಗಿಡದ ಆಕಾರ ಕೆಡುತ್ತದೆ, ಹೂವೂ ಕಡಿಮೆಯಾಗುತ್ತದೆ. ಬೇರಿಲ್ಲದೆ ಕಿತ್ತುಬಂದ ಮರಿಯನ್ನೂ ಎಸೆಯಬೇಡಿ, ಮುಚ್ಚಿದ ಡಬ್ಬಿಯಲ್ಲಿ ಹಸಿ ಮಿಶ್ರಣದ ಮೇಲೆ ಕೂರಿಸಿದರೆ ಬೇರು ಬಿಡುತ್ತದೆ. ತಾಯಿ ಎಲೆ ಇನ್ನೂ ಗಟ್ಟಿಯಾಗಿದ್ದರೆ ತೊಟ್ಟನ್ನು ಹೊಸದಾಗಿ ಕತ್ತರಿಸಿ ಮತ್ತೆ ನೆಡಿ, ಇನ್ನೊಂದು ಸುತ್ತು ಮರಿ ಕೊಡುತ್ತದೆ.

ಕುಂಡದ ಅಳತೆಗೆ ಒಂದು ಲೆಕ್ಕ ಇದೆ. ಗಿಡದ ಎಲೆಗಳು ಎಷ್ಟು ಅಗಲಕ್ಕೆ ಹರಡಿವೆಯೋ ಅದರ ಮೂರನೇ ಒಂದು ಭಾಗ ಅಗಲದ ಕುಂಡ ಸಾಕು. ಆರು ಇಂಚು ಹರಡಿದ ಗಿಡಕ್ಕೆ ಎರಡು ಇಂಚು. ಅಷ್ಟು ಚಿಕ್ಕದಾ ಅಂತ ಅನ್ನಿಸುತ್ತದೆ, ಆದರೂ ನಂಬಿ ಹಾಕಿ. ಹೊಸ ಮರಿಗೆ ಐಸ್‌ಕ್ರೀಂನ ಪುಟ್ಟ ಕಪ್ ಸಾಕು, ತಳಕ್ಕೆ ಕಾಯಿಸಿದ ಮೊಳೆಯಿಂದ ನಾಲ್ಕೈದು ತೂತು ಮಾಡಿಕೊಳ್ಳಿ. ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಸಿಕ್ಕರೆ ಇನ್ನೂ ಒಳ್ಳೆಯದು, ಬೇರು ಎಲ್ಲಿವರೆಗೆ ಬಂತು, ತಳದಲ್ಲಿ ಹಸಿ ಇದೆಯಾ ಅಂತ ಗಿಡವನ್ನು ಮುಟ್ಟದೇ ನೋಡಬಹುದು. ಮಣ್ಣಿನ ಕುಂಡ ನನಗೂ ಇಷ್ಟ, ಆದರೆ ವಯಲೆಟ್‌ಗೆ ನಾನು ಹೇಳುವುದಿಲ್ಲ. ಅದರ ಅಂಚಿನಲ್ಲಿ ಗೊಬ್ಬರದ, ನೀರಿನ ಉಪ್ಪು ಬಂದು ಕೂರುತ್ತದೆ, ಅದಕ್ಕೆ ಒರಗಿದ ತೊಟ್ಟು ಅಲ್ಲೇ ಕಂದಾಗಿ ಕೊಳೆಯುತ್ತದೆ.

ನೆಡುವಾಗ ಮಿಶ್ರಣವನ್ನು ಅದುಮಬೇಡಿ. ಕಪ್‌ನ ಅರ್ಧ ತುಂಬಿಸಿ, ಮರಿಯನ್ನು ನಡುವೆ ಹಿಡಿದು, ಸುತ್ತ ಸಡಿಲವಾಗಿ ಉದುರಿಸಿ, ಕಪ್ಪನ್ನು ಮೇಜಿಗೆ ಒಂದೆರಡು ಸಲ ಕುಟ್ಟಿದರೆ ತಾನಾಗಿ ಕೂರುತ್ತದೆ. ಕೆಳಗಿನ ಎಲೆಗಳ ತೊಟ್ಟು ಮಿಶ್ರಣದ ಮಟ್ಟಕ್ಕೆ ಇರಲಿ, ಸುಳಿ ಮಾತ್ರ ಹೂತುಹೋಗಬಾರದು. ತೆಂಗಿನ ಸುಳಿ ಕೊಳೆತರೆ ಮರ ಉಳಿಯಲ್ಲ ಅಂತ ತೋಟ ಇರುವವರಿಗೆಲ್ಲ ಗೊತ್ತು, ಈ ಪುಟ್ಟ ಗಿಡದ್ದೂ ಅದೇ ಕಥೆ.

ಮೊದಲ ದಿನ ಒಂದೆರಡು ಚಮಚ ನೀರನ್ನು ಅಂಚಿನ ಸುತ್ತ ಬಿಡಿ, ಅಷ್ಟೇ. ಆಮೇಲೆ ಒಂದು ಪಾರದರ್ಶಕ ಡಬ್ಬಿಯೊಳಗೆ ಇಟ್ಟು, ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ. ಗಾಳಿಯಲ್ಲಿ ತೇವ ಇದ್ದರೆ ಎಲೆ ಬಾಡುವುದಿಲ್ಲ, ಬೇರಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಒಂದೆರಡು ವಾರ ಕಳೆದ ಮೇಲೆ ದಿನಾ ಸ್ವಲ್ಪ ಸ್ವಲ್ಪ ತೆರೆಯುತ್ತಾ ಹೊರಗಿನ ಗಾಳಿಗೆ ಒಗ್ಗಿಸಿ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಇರುವವರಿಗೆ ಈ ಡಬ್ಬಿಯೇ ಬೇಕಾಗುವುದಿಲ್ಲ, ಗಾಳಿಯೇ ಸಾಕಷ್ಟು ಹಸಿ. ಬೇಸಿಗೆಯಲ್ಲಿ ಕಲಬುರಗಿ, ಬಳ್ಳಾರಿಯಲ್ಲಿ ಮರಿ ಬಿಡಿಸುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ, ಮಳೆ ಬಂದು ತಂಪಾಗಲಿ.

ಈಗ ನೀರಿನ ವಿಷಯ. ವಾರಕ್ಕೆ ಎರಡು ಸಲ, ಮೂರು ದಿನಕ್ಕೊಮ್ಮೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ಬೇಗ ಒಣಗುವ ಕಪ್, ಜುಲೈನ ಜಿಟಿಜಿಟಿ ಮಳೆಯಲ್ಲಿ ವಾರವಾದರೂ ಹಸಿಯಾಗಿರುತ್ತದೆ. ಕಪ್ಪನ್ನು ಎತ್ತಿ ನೋಡಿ. ನೀರು ಕುಡಿದ ಕಪ್ ಎಷ್ಟು ಭಾರ, ಒಣಗಿದ್ದು ಎಷ್ಟು ಹಗುರ ಅಂತ ಕೆಲವು ಸಲ ಎತ್ತಿದರೆ ಕೈಗೇ ತಿಳಿದುಬಿಡುತ್ತದೆ. ಮೇಲಿನ ಮಿಶ್ರಣ ಮುಟ್ಟಿದಾಗ ಒಣಗಿ, ಕಪ್ ಹಗುರವಾಗಿದ್ದರೆ ಆಗ ನೀರು ಕೊಡಿ. ಗಿಡ ಬಾಡಿದಾಗಲೂ ಮೊದಲು ಇದನ್ನೇ ಮಾಡಿ. ಬಾಡಿದೆ, ಕಪ್ ಹಗುರ ಅಂದರೆ ಬಾಯಾರಿಕೆ. ಬಾಡಿದೆ, ಆದರೆ ಕಪ್ ಭಾರ ಇದೆ ಅಂದರೆ ಬೇರು ಕೊಳೆಯುತ್ತಿದೆ, ಒಂದು ಹನಿಯನ್ನೂ ಹಾಕಬೇಡಿ.

ನೀರನ್ನು ತಳದಿಂದ ಕೊಡುವುದು ಸುಲಭ. ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ, ಕಪ್ಪುಗಳನ್ನು ಅದರಲ್ಲಿ ನಿಲ್ಲಿಸಿ, ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬಿಡಿ. ಮೇಲಿನ ಮಿಶ್ರಣದ ಬಣ್ಣ ಗಾಢವಾದರೆ ನೀರು ಮೇಲಕ್ಕೆ ಬಂತು ಅಂತ ಅರ್ಥ. ಉಳಿದ ನೀರು ಚೆಲ್ಲಿಬಿಡಿ, ರಾತ್ರಿಯಿಡೀ ಅದರಲ್ಲೇ ನಿಲ್ಲಿಸಬೇಡಿ. ಮೇಲಿಂದ ಕೊಡುವುದೂ ತಪ್ಪಲ್ಲ, ಉದ್ದ ಮೂತಿಯ ಬಾಟಲಿಯಿಂದ ಎಲೆಯ ಕೆಳಗೆ ಅಂಚಿನಲ್ಲಿ ಬಿಡಬೇಕು. ಸುಳಿಗೆ ನೀರು ಬಿದ್ದರೆ ಟಿಶ್ಯೂ ಪೇಪರ್‌ನ ಮೂಲೆಯಿಂದ ಒತ್ತಿ ತೆಗೆಯಿರಿ.

ನೀರು ತಣ್ಣಗಿರಬಾರದು. ಡಿಸೆಂಬರ್ ಬೆಳಿಗ್ಗೆ ಟ್ಯಾಂಕಿನಿಂದ ಬರುವ ತಣ್ಣೀರು ಈ ಎಲೆಯ ಮೇಲೆ ಬಿದ್ದರೆ ಹಳದಿ ಮಿಶ್ರಿತ ಬಿಳಿ ಗೆರೆ, ಉಂಗುರಗಳು ಮೂಡುತ್ತವೆ. ಅದು ರೋಗ ಅಲ್ಲ, ಆದರೆ ಆ ಕಲೆ ಮತ್ತೆ ಹೋಗುವುದೂ ಇಲ್ಲ. ಹಿಂದಿನ ರಾತ್ರಿಯೇ ಒಂದು ಪಾತ್ರೆಯಲ್ಲಿ ನೀರು ಹಿಡಿದಿಟ್ಟರೆ ಅದು ಕೋಣೆಯ ಹದಕ್ಕೆ ಬರುತ್ತದೆ.

ಯಾವ ನೀರು ಅನ್ನುವುದೂ ನಮ್ಮ ಊರುಗಳಲ್ಲಿ ದೊಡ್ಡ ವಿಷಯವೇ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಕಾವೇರಿ ನೀರು ಬರುವ ಮನೆಯಲ್ಲಿ ಅದನ್ನೇ ಹಿಡಿದಿಟ್ಟು ಬಳಸಬಹುದು. ಬೋರ್‌ವೆಲ್ ನೀರು ಗಡಸು, ಕಪ್ಪಿನ ಅಂಚಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಉಪ್ಪು ಹಾಕಿ ಮೆದು ಮಾಡುವ ಯಂತ್ರ ಇರುತ್ತದಲ್ವಾ, ಆ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ ಸೇರಿರುತ್ತದೆ. ಅಂಥ ಮನೆಯಲ್ಲಿ ಕುಡಿಯುವ ಆರ್‌ಓ ನೀರನ್ನೇ ಕೊಡಿ, ನಾಲ್ಕಾರು ಪುಟ್ಟ ಕಪ್ಪುಗಳಿಗೆ ಎಷ್ಟು ಬೇಕಾದೀತು. ಆರ್‌ಓ ಹೊರಹಾಕುವ ನೀರನ್ನು ಮಾತ್ರ ನೆಲ ಒರೆಸಲು ಇಟ್ಟುಕೊಳ್ಳಿ. ತಳದಿಂದಲೇ ನೀರು ಕೊಡುವವರು ತಿಂಗಳಿಗೊಮ್ಮೆ ಮೇಲಿಂದ ನಿಧಾನಕ್ಕೆ ನೀರು ಬಿಟ್ಟು ಕೆಳಗೆ ಹರಿದುಹೋಗಲು ಬಿಡಬೇಕು, ಇಲ್ಲದಿದ್ದರೆ ಉಪ್ಪು ಮೇಲ್ಪದರದಲ್ಲೇ ಉಳಿಯುತ್ತದೆ.

ಬತ್ತಿ ಹಾಕುವ ವಿಧಾನ ಊರಿಗೆ ಹೋಗುವವರಿಗೆ ಅನುಕೂಲ. ಕಪ್ಪಿನ ತಳದ ತೂತಿನಿಂದ ಒಂದು ದಾರ ಇಳಿಬಿಟ್ಟು, ಅದರ ತುದಿ ಕೆಳಗಿನ ನೀರಿನ ಡಬ್ಬಿಯಲ್ಲಿ ಮುಳುಗಿರುವಂತೆ ಮಾಡುವುದು. ದಾರ ಸ್ವೆಟರ್ ಹೆಣೆಯುವ ಅಕ್ರಿಲಿಕ್‌ನದ್ದಿರಲಿ, ಹತ್ತಿ ದಾರ ಕೊಳೆಯುತ್ತದೆ. ಆದರೆ ಬಿಡಿಸಿದ ತಕ್ಷಣದ ಮರಿಗೆ ಇದು ಬೇಡ. ಬೇರು ಕಪ್ಪಿನ ಗೋಡೆ ಮುಟ್ಟಿದ ಮೇಲೆ, ಮಿಶ್ರಣದಲ್ಲಿ ಪರ್ಲೈಟ್ ಅರ್ಧದಷ್ಟಾದರೂ ಇದ್ದರೆ ಮಾತ್ರ.

ಗೊಬ್ಬರ ಒಂದು ತಿಂಗಳ ನಂತರ. ಎಲ್ಲ ಅಂಗಡಿಯಲ್ಲೂ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಒಂದು ಲೀಟರ್ ನೀರಿಗೆ ಕಾಲು ಗ್ರಾಂ, ಅದನ್ನೂ ಒಣ ಬೇರಿಗೆ ಹಾಕಬೇಡಿ. ಬೆಳಕಿಗೆ ಪೂರ್ವದ ಕಿಟಕಿ ಚೆನ್ನ.

ಬೇರು ಕಪ್ ತುಂಬಾ ಸುತ್ತಿಕೊಂಡಾಗ ಎರಡೂವರೆ, ಆಮೇಲೆ ಮೂರು ಇಂಚಿಗೆ ಬದಲಾಯಿಸಿ. ಸಾಮಾನ್ಯ ಅಳತೆಯ ವಯಲೆಟ್‌ಗೆ ನಾಲ್ಕಿಂಚಿನ ಮೇಲೆ ಬೇಕಾಗುವುದೇ ಇಲ್ಲ. ಕೆಳಗಿನ ಎಲೆ ಉದುರಿ ಕುತ್ತಿಗೆ ಉದ್ದವಾದರೆ ಕುಂಡ ದೊಡ್ಡದು ಮಾಡಬೇಡಿ. ಕುತ್ತಿಗೆ ಎಷ್ಟು ಉದ್ದವಿದೆಯೋ ಬೇರಿನ ಉಂಡೆಯ ತಳವನ್ನು ಅಷ್ಟೇ ಕತ್ತರಿಸಿ, ಅದೇ ಕುಂಡದಲ್ಲಿ ಹೊಸ ಮಿಶ್ರಣದೊಂದಿಗೆ ಸ್ವಲ್ಪ ಕೆಳಗೆ ಕೂರಿಸಿದರೆ ಆ ಕುತ್ತಿಗೆಯಿಂದಲೇ ಬೇರು ಬರುತ್ತದೆ.

ಕೊಳೆತದ್ದು ಗೊತ್ತಾದರೆ ತಡಮಾಡದೆ ಹೊರಗೆ ತೆಗೆಯಿರಿ. ಕಂದು, ಮೆತ್ತಗಿನ ಭಾಗವನ್ನೆಲ್ಲ ಒಳಗೆ ತಿಳಿ ಹಸಿರು ಕಾಣುವವರೆಗೂ ಚೂಪಾದ ಬ್ಲೇಡಿನಿಂದ ಕತ್ತರಿಸಿ, ಉಳಿದ ತಲೆಯನ್ನು ಹೊಸ ಮಿಶ್ರಣದಲ್ಲಿ ನೆಟ್ಟು ಡಬ್ಬಿಯಲ್ಲಿ ಮುಚ್ಚಿಡಿ. ಸುಳಿಯೇ ಹೋಗಿದ್ದರೆ ಚೆನ್ನಾಗಿರುವ ಒಂದು ಎಲೆ ಹುಡುಕಿ ಮತ್ತೆ ಚುಚ್ಚಿ.

ರೆಕ್ಸ್ ಬಿಗೋನಿಯಾದ ಮರಿಗಳಿಗೂ ಇದೇ ಚಿಕ್ಕ ಕಪ್, ಇದೇ ಮಿಶ್ರಣ ನಡೆಯುತ್ತದೆ, ಡಬ್ಬಿಯೊಳಗೆ ಇನ್ನಷ್ಟು ದಿನ ಇಡಬೇಕು. ಸ್ನೇಕ್ ಪ್ಲಾಂಟ್ ಮತ್ತು ಜೀಜೀ (ZZ) ಗಿಡಕ್ಕೆ ಮಾತ್ರ ಇಷ್ಟು ತೇವ ಬೇಡ, ಪೂರ್ತಿ ಒಣಗಿದ ಮೇಲೆ ನೀರು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡಿನಿಂದ ಬರುವ ಮರಿಗೆ ಆ ಅಂಚು ಇರುವುದಿಲ್ಲ, ಅದು ಬೇಕಿದ್ದರೆ ಗೆಡ್ಡೆಯನ್ನೇ ಭಾಗ ಮಾಡಬೇಕು. ಜೀಜೀ ಎಲೆ ಮೊದಲು ಮಣ್ಣೊಳಗೆ ಒಂದು ಪುಟ್ಟ ಗೆಡ್ಡೆ ಕಟ್ಟಿಕೊಳ್ಳುತ್ತದೆ, ಮೇಲೆ ತಿಂಗಳುಗಟ್ಟಲೆ ಏನೂ ಕಾಣಿಸದಿರಬಹುದು. ಎಲೆ ಒಣಗಿಹೋದರೂ ಆ ಕಪ್ಪನ್ನು ಎಸೆಯುವ ಮುಂಚೆ ಒಮ್ಮೆ ಬೆರಳಿಟ್ಟು ಕೆದಕಿ ನೋಡಿ.